ಒಂದು ಲೋಟ ಆಲು

ಸುತ್ತೋಲೆ ಬಂದದ್ದು ಸೋಮವಾರ:
‘ಭಾಷಾ ವೈವಿಧ್ಯ ದಿನ ಆಚರಿಸತಕ್ಕದ್ದು.
ಚಾರ್ಟು ಬರೆಸಿ, ವೇಷ ಹಾಕಿಸಿ,
ಫೋಟೊ ಮೂರು ಗಂಟೆಯೊಳಗೆ ಕಳಿಸಿ.’
ಚಾರ್ಟಿಗೆ ದುಡ್ಡಿಲ್ಲ. ವೇಷಕ್ಕೆ,
ಭಾಷೆ ಎಂಥ ಸೀರೆ ಉಡುತ್ತದೆಂದು
ನನಗಂತೂ ಗೊತ್ತಿಲ್ಲ.

ಮಂಡ್ಯದ ಗುತ್ತಲು ರಸ್ತೆಯ ನಮ್ಮ ಶಾಲೆಯಲ್ಲಿ
ಪ್ರಾರ್ಥನೆ ಮುಗಿದೊಡನೆ ಹಾಲು.
ಪುಟ್ತಾಯಮ್ಮ ಪುಡಿ ಕದಡಿ ಕಾಸಿ
ಬಕೆಟ್ಟು ಹೊತ್ತು ಐದನೇ ಕ್ಲಾಸಿನ ಬಾಗಿಲಿಗೆ ಬಂದಾಗ
ಸಕ್ಕರೆ ಕಾರ್ಖಾನೆ ಕಡೆಯ ಗಾಳಿಗೆ
ಹಾಲಿಗೂ ಕಾಕಂಬಿಯ ವಾಸನೆ.
ಇದೇ ಸರಿ ಎಂದುಕೊಂಡೆ.
‘ಲೋಟ ಎತ್ತಿ. ಇದಕ್ಕೆ ನಿಮ್ಮನೇಲಿ ಏನಂತಾರೋ
ಹೇಳಿ, ಆಮೇಲೆ ಕುಡೀರಿ.’

ಪೂಂಗೊಡಿ ಮೊದಲು: ‘ಪಾಲ್.’
‘ಪಾಲಾ? ಯಾರ್ಗೆಷ್ಟು ಪಾಲು?’ ಎಂದಿತು ಹಿಂದಿನ ಬೆಂಚು.
ತಸ್ಲೀಮಾ ‘ದೂದ್’ ಅಂದಳು.
ಕಬ್ಬು ಕಡಿಯಲು ಬಂದವರ ಮಗ ಮೋತಿನಾಯ್ಕ,
ಹಾಜರಿ ಪುಸ್ತಕದಲ್ಲಿ ಇನ್ನೂ ಪೆನ್ಸಿಲ್ಲಿನಲ್ಲಿರುವ ಹೆಸರು,
ಅವನೂ ‘ದೂದ್’ ಅಂದ.
ಇಬ್ಬರೂ ತಿರುಗಿ ನೋಡಿಕೊಂಡರು,
ತಮ್ಮ ಚಪ್ಪಲಿಯನ್ನು ಇನ್ನೊಬ್ಬರ ಕಾಲಲ್ಲಿ ಕಂಡ ಹಾಗೆ.
ಹೋಟೆಲಿನವರ ಧನ್ವಿತಾ ‘ಪೇರ್’ ಎಂದಳು.
‘ನಮ್ಮಲ್ಲಿ ಪೇರ್ ಅಂದ್ರೆ ಹೆಸರು’
ಎಂದು ನಕ್ಕ ಪೂಂಗೊಡಿಯ ಮೂಗಲ್ಲಿ ಹಾಲು.

ಹೇಮಂತ ಮಾತ್ರ ಲೋಟ ಎತ್ತಲಿಲ್ಲ.
‘ನನ್ತಾವ ಬ್ಯಾರೆ ಬಾಸೆ ಇಲ್ಲ ಮಿಸ್.
ನಮ್ದು ಬರೀ ಕನ್ನಡ.’
ಹಬ್ಬದ ದಿನ ಹೊಸ ಅಂಗಿ ಇಲ್ಲದವನ ದನಿ.
‘ಕನ್ನಡದಲ್ಲೇ ಹೇಳಪ್ಪ.’

‘ಆಲು.’

ಕ್ಲಾಸು ಸಿಡಿಯಿತು.
‘ಆಲೂ ಅಂದ್ರೆ ಆಲೂಗಡ್ಡೆ!’ ತಸ್ಲೀಮಾ.
ಅವನ ಕಿವಿ ಕೆಂಪಗಾಯಿತು.
ಆ ಕೆಂಪು ನನ್ನ ಪೆನ್ನಿನದು.
ಜೂನಿನಿಂದ ಅವನ ಕಾಪಿ ಪುಸ್ತಕದಲ್ಲಿ
ಅಸು, ಉಲಿ, ಊವು,
ಒಂದೊಂದಕ್ಕೂ ಸುತ್ತು ಹಾಕಿ ತಿದ್ದಿದ್ದೇನೆ.
ರಟ್ಟಿನ ಮೇಲೆ ಅವನೇ ಬರೆದುಕೊಂಡಿದ್ದ
‘ಏಮಂತ’ನನ್ನೂ.

ತಿದ್ದಲು ನಾನು ಯಾರು?
ಮಳವಳ್ಳಿ ಕಡೆಯ ಹಳ್ಳಿಯಿಂದ
ಟೀಚರ್ ಟ್ರೈನಿಂಗಿಗೆಂದು ಮೈಸೂರಿಗೆ ಹೋಗಿ
ಹಾಸ್ಟೆಲಿನ ಕನ್ನಡಿಗೆ ಮಂಜು ಕಟ್ಟುವವರೆಗೂ
ಹ ಹಾ ಹಿ ಹೀ ಊದಿ ಊದಿ ಕಲಿತವಳು.
ಅದೇ ಹೆದರಿಕೆಯಲ್ಲಿ ರಜಕ್ಕೆ ಊರಿಗೆ ಬಂದು
ಅಕ್ಕನನ್ನು ‘ಹಕ್ಕ’ ಎಂದು ಕೂಗಿದವಳು.

ಬೋರ್ಡಿನ ಮೇಲೆ ಬರೆದೆ: ಪಾಲು.
ಅದರ ಕೆಳಗೆ ಹಾಲು. ಅದರ ಕೆಳಗೆ ಆಲು.
‘ಪಾಲು ಅನ್ನಿ.’ ತುಟಿಗಳು ಮುಚ್ಚಿ ತೆರೆದವು.
‘ಹಾಲು.’ ಬರೀ ಉಸಿರು.
‘ಆಲು.’ ಉಸಿರೂ ಬೇಡ, ಬಾಯಿ ತೆರೆದರೆ ಸಾಕು.
‘ನಮ್ಮ ಹಾಲೂ ಒಂದು ಕಾಲಕ್ಕೆ ಪಾಲೇ ಆಗಿತ್ತು,
ಪೂಂಗೊಡಿ ಮನೆಯದರ ಹಾಗೆ.
ಬರುವ ದಾರಿಯಲ್ಲಿ ತುಟಿ ಬಿಟ್ಟುಬಂತು.
ನಮ್ಮ ಏಮಂತ
ಇನ್ನೊಂದು ಹೆಜ್ಜೆ ಮುಂದಿದ್ದಾನೆ, ಅಷ್ಟೆ.’

ಅರ್ಥವಾಯಿತೋ ಇಲ್ಲವೋ.
ಮೋತಿ ಎರಡನೇ ಲೋಟ ಕೇಳಿದ, ಅಷ್ಟೂ ಹೆಸರಲ್ಲಿ.
‘ಯಾವೆಸ್ರಲ್ಲಿ ಕೇಳುದ್ರೂ ಇರಾದು ಇಷ್ಟೆಯ’
ಪುಟ್ತಾಯಮ್ಮ ಬಕೆಟ್ಟಿನ ತಳ ತೋರಿಸಿದಳು.
ಹೇಮಂತ ಕುಡಿದ. ಬಿಳಿ ಮೀಸೆ ಬಂತು,
ಒರೆಸಿಕೊಳ್ಳಲಿಲ್ಲ.

ಫೋಟೊ ಕಳಿಸಿದೆ. ಹತ್ತೇ ನಿಮಿಷಕ್ಕೆ ಮೇಲಿನಿಂದ ಮೆಸೇಜು:
‘ಬೋರ್ಡಿನಲ್ಲಿ ಕಾಗುಣಿತ ತಪ್ಪಿದೆ.
ಸರಿಪಡಿಸಿ ಮತ್ತೆ ಕಳಿಸಿ.’
ಕಳಿಸಲಿಲ್ಲ.

ಸಂಜೆ ಬಸ್ಸಿನಲ್ಲಿ ಅವ್ವನಿಗೆ ಫೋನು.
ಎಷ್ಟೋ ವರ್ಷದ ಮೇಲೆ, ಬೇಕೆಂದೇ, ಕೇಳಿದೆ:
‘ಆಲು ಕರುದ್ಯಾ ಅವ್ವ?’
ಅತ್ತ ಸ್ವಲ್ಪ ಹೊತ್ತು ಮಾತಿಲ್ಲ.
ಕೊಟ್ಟಿಗೆಯಲ್ಲಿ ಏನೋ ಅಲುಗಾಡಿದ ಸದ್ದು.
ಆಮೇಲೆ ಅವ್ವ,
ಮೇಷ್ಟ್ರ ಮುಂದೆ ನಿಂತವಳ ಹಾಗೆ,
ಇದ್ದ ಉಸಿರನ್ನೆಲ್ಲ ಆ ಒಂದು ಅಕ್ಷರಕ್ಕೆ ಸುರಿದು:
‘ಹಾಲು... ಹಾಲು ಕರೆದೆ ಕಣವ್ವ.’